ಟೊಮೆಟೊ ತಿಂದ ಮಗುವಿನ ಬಾಯಿಯ ಸುತ್ತ ಕೆಂಪಾಯಿತು: ಮತ್ತೆ ಕೊಡಬಹುದೇ?

ಪ್ರಶ್ನೆ: ಏಳೂವರೆ ತಿಂಗಳ ಮಗುವಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಎರಡನೆಯ ಮಗಳಿಗೆ ಈಗ ಏಳೂವರೆ ತಿಂಗಳು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಪೂರಕ ಆಹಾರವನ್ನು ಆರಂಭಿಸಿದ್ದೇವೆ. ಗಂಜಿ, ಬೇಯಿಸಿದ ಬೇಳೆ, ಬಾಳೆಹಣ್ಣು, ಮೊಟ್ಟೆ ಎಲ್ಲವನ್ನೂ ಯಾವ ತೊಂದರೆಯೂ ಇಲ್ಲದೆ ತಿಂದಿದ್ದಾಳೆ. ಮೂರು ದಿನಗಳ ಹಿಂದೆ ಮೊದಲ ಸಲ ಟೊಮೆಟೊ ಕೊಟ್ಟೆ. ಚೆನ್ನಾಗಿ ಹಣ್ಣಾಗಿದ್ದ ಒಂದು ಟೊಮೆಟೊವನ್ನು ಬೇಯಿಸಿ, ಸಿಪ್ಪೆ ತೆಗೆದು, ಕಿವುಚಿ, ಅದರಲ್ಲಿ ಎರಡು ಚಮಚದಷ್ಟನ್ನು ಬೇಳೆಗೆ ಬೆರೆಸಿದ್ದೆ. ಮೊದಲ ತುತ್ತಿಗೆ ಮುಖ ಕಿವಿಚಿದಳು, ಆಮೇಲೆ ಪೂರ್ತಿ ತಿಂದಳು. ಊಟ ಮುಗಿದು ಹತ್ತು ನಿಮಿಷವಾಗುವಷ್ಟರಲ್ಲಿ ಅವಳ ತುಟಿಯ ಸುತ್ತಲೂ ಗದ್ದದ ಮೇಲೂ ಕೆಂಪು ಮಚ್ಚೆಗಳು ಕಾಣಿಸಿದವು. ಅಳಲಿಲ್ಲ, ವಾಂತಿ ಮಾಡಲಿಲ್ಲ, ಆಟವಾಡುತ್ತಲೇ ಇದ್ದಳು. ಸುಮಾರು ಒಂದು ಗಂಟೆಯೊಳಗೆ ಕೆಂಪು ತಾನಾಗಿಯೇ ಇಳಿಯಿತು. ಮರುದಿನ ಡೈಪರ್ ಬಿಚ್ಚಿದಾಗ ಮಲದಲ್ಲಿ ದಾರದಂಥ ಕೆಂಪು ಎಳೆಗಳಿದ್ದುದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ತೊಡೆಯ ಸಂದಿಯಲ್ಲೂ ತುಸು ಕೆಂಪಾಗಿತ್ತು.

ಮನೆಯ ಹಿರಿಯರು ಒಂದು ವರ್ಷ ತುಂಬುವವರೆಗೆ ಟೊಮೆಟೊ ಬೇಡವೇ ಬೇಡ ಎನ್ನುತ್ತಿದ್ದಾರೆ. ಅದರ ಬೀಜದಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಮಾತೂ ಬಂತು. ಇದು ನಿಜವಾಗಿ ಅಲರ್ಜಿಯೇ? ಮತ್ತೆ ಕೊಡುವುದಾದರೆ ಹೇಗೆ ಕೊಡಬೇಕು? ಬೇಯಿಸಿಯೇ ಕೊಡಬೇಕೇ, ಹಸಿಯಾಗಿ ಕೊಟ್ಟರೂ ನಡೆಯುತ್ತದೆಯೇ? ಅವಳ ಅಣ್ಣನಿಗೆ ಮೂರು ವರ್ಷ. ಅವನು ಬಟ್ಟಲು ತುಂಬ ಚೆರ್ರಿ ಟೊಮೆಟೊ ಇಟ್ಟುಕೊಂಡು ಮನೆಯೆಲ್ಲ ಓಡಾಡುತ್ತ ತಿನ್ನುವವನು, ತಂಗಿಗೂ ಕೊಡಬೇಕೆಂದು ದಿನವೂ ಕೇಳುತ್ತಾನೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1: ಮಕ್ಕಳ ವಾರ್ಡಿನ ಶುಶ್ರೂಷಕಿ

ಮಗುವನ್ನು ನೋಡದೆ ಅಲರ್ಜಿ ಅಲ್ಲವೆಂದು ಯಾರೂ ಖಚಿತವಾಗಿ ಹೇಳಲಾಗದು, ಹೇಳಲೂಬಾರದು. ಆದರೂ ನೀವು ಬರೆದಿರುವ ವಿವರಗಳು ಆಮ್ಲದಿಂದಾಗುವ ಚರ್ಮದ ಉರಿಯನ್ನೇ ಹೆಚ್ಚು ಹೋಲುತ್ತವೆ. ಟೊಮೆಟೊ ಸ್ವಭಾವತಃ ಹುಳಿ ಹಣ್ಣು. ಅದರ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ 4.3ರಿಂದ 4.9ರ ನಡುವೆ ಇರುತ್ತದೆ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು). ಈ ವಯಸ್ಸಿನ ಮಕ್ಕಳ ಗದ್ದ ಜೊಲ್ಲಿನಿಂದ ಸದಾ ಒದ್ದೆಯಾಗಿರುವುದರಿಂದ ಅಲ್ಲಿನ ಚರ್ಮ ಮೊದಲೇ ನಾಜೂಕಾಗಿರುತ್ತದೆ. ಅದರ ಮೇಲೆ ಹುಳಿ ರಸ ಹತ್ತು ನಿಮಿಷ ಮೆತ್ತಿಕೊಂಡಿದ್ದರೆ ತಾಗಿದ ಜಾಗವಷ್ಟೂ ಕೆಂಪಾಗುತ್ತದೆ. ಗಮನಿಸಬೇಕಾದದ್ದು ಇದನ್ನೇ: ಕೆಂಪು ಆಹಾರ ತಾಗಿದ ಜಾಗದಲ್ಲಿ ಮಾತ್ರ ಇತ್ತೇ, ಅಥವಾ ತಾಗದ ಕಡೆಗಳಲ್ಲೂ, ಅಂದರೆ ಹೊಟ್ಟೆ, ಬೆನ್ನು, ತೊಡೆಗಳ ಮೇಲೂ ಎದ್ದಿತ್ತೇ? ಉಬ್ಬಿಲ್ಲದೆ ಬಾಯಿಯ ಸುತ್ತ ಮಾತ್ರ ಕಾಣಿಸಿಕೊಂಡು ಒಂದೆರಡು ಗಂಟೆಗಳಲ್ಲಿ ಇಳಿದುಹೋಗುವ ಕೆಂಪು ಬಹುಮಟ್ಟಿಗೆ ಆಮ್ಲದ್ದೇ. ಡೈಪರ್ ಜಾಗದ ಕೆಂಪಿಗೂ ಹುಳಿ ಆಹಾರವೇ ಕಾರಣವಾಗಿರಬಹುದು.

ಅಲರ್ಜಿಯ ಲಕ್ಷಣಗಳು ಬೇರೆ. ಮೈಮೇಲೆ ಅಲ್ಲಲ್ಲಿ ತುರಿಸುವ ಗಂಧೆ ಏಳುವುದು, ತುಟಿಯೋ ಕಣ್ಣಿನ ರೆಪ್ಪೆಯೋ ಊದಿಕೊಳ್ಳುವುದು, ಮೇಲಿಂದ ಮೇಲೆ ವಾಂತಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಟೊಮೆಟೊವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಸಿರಾಡುವಾಗ ಸದ್ದು ಬರುವುದು, ಉಸಿರಾಟಕ್ಕೆ ಕಷ್ಟಪಡುವುದು, ಧ್ವನಿ ಬದಲಾಗುವುದು, ಮಗು ಬಿಳಿಚಿಕೊಂಡು ಸೋತು ಜೋಲುವುದು ಇವು ಕಂಡರೆ ಕಾಯುವ ಮಾತೇ ಇಲ್ಲ, ತುರ್ತು ಚಿಕಿತ್ಸೆಗೆ ಹೊರಡಬೇಕು. ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ, ಸೋಯಾ, ಮೀನು, ಎಳ್ಳು ಮೊದಲಾದ ಪ್ರಮುಖ ಅಲರ್ಜಿಕಾರಕಗಳ ಸಾಲಿನಲ್ಲಿ ಟೊಮೆಟೊ ಇಲ್ಲ. ಹಾಗೆಂದು ಟೊಮೆಟೊಗೆ ಅಲರ್ಜಿಯೇ ಆಗುವುದಿಲ್ಲ ಎಂದೂ ಅಲ್ಲ. ಅದು ಅಪರೂಪ, ಅಷ್ಟೇ. ತೀವ್ರವಾದ ಇಸುಬು ಇರುವ ಮಗುವಾದರೆ ಅಥವಾ ಈಗಾಗಲೇ ಬೇರೊಂದು ಆಹಾರಕ್ಕೆ ಅಲರ್ಜಿ ಪತ್ತೆಯಾಗಿರುವ ಮಗುವಾದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಹಿರಿಯರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಒಂದು ಕಾಲದಲ್ಲಿ ವೈದ್ಯರೂ ಹೀಗೆಯೇ ಹೇಳುತ್ತಿದ್ದರು. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಹಸುವಿನ ಹಾಲನ್ನು ಒಂದು ವರ್ಷದವರೆಗೆ, ಮೊಟ್ಟೆಯನ್ನು ಎರಡು ವರ್ಷದವರೆಗೆ, ಕಡಲೆಕಾಯಿ ಮತ್ತು ಮೀನನ್ನು ಮೂರು ವರ್ಷದವರೆಗೆ ಮುಂದೂಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ರಲ್ಲಿ ಸಲಹೆ ಕೊಟ್ಟಿತ್ತು. ತಡಮಾಡುವುದರಿಂದ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಾಲದೆಂದು ಅದೇ ಸಂಸ್ಥೆ 2008ರಲ್ಲಿ ಆ ನಿಲುವನ್ನು ಬದಲಿಸಿತು. 2015ರಲ್ಲಿ ಪ್ರಕಟವಾದ ಕಡಲೆಕಾಯಿಯ ಅಧ್ಯಯನವಂತೂ ಬೇಗ ಪರಿಚಯಿಸುವುದೇ ರಕ್ಷಣೆ ಕೊಡುತ್ತದೆ ಎಂದು ತೋರಿಸಿತು. ಆದ್ದರಿಂದ ಟೊಮೆಟೊಗಾಗಿ ಒಂದು ವರ್ಷ ಕಾಯಬೇಕಾದ ಕಾರಣ ನನಗೆ ಕಾಣುತ್ತಿಲ್ಲ.

ಮತ್ತೆ ಕೊಡುವಾಗ ಹೀಗೆ ಮಾಡಿ ನೋಡಿ. ಕೆಂಪು ಪೂರ್ತಿ ಮಾಯವಾಗಿರುವ ದಿನ, ಬೆಳಗಿನ ಹೊತ್ತು, ಬೇರೆ ಯಾವ ಹೊಸ ಆಹಾರವನ್ನೂ ಜೊತೆಗೆ ಸೇರಿಸದೆ ಅರ್ಧ ಚಮಚದಷ್ಟು ಕೊಡಿ. ಸಂಜೆ ಕೊಟ್ಟರೆ ರಾತ್ರಿ ಮಗು ಮಲಗಿದ ಮೇಲೆ ಏನಾದರೂ ಆದರೂ ತಿಳಿಯುವುದಿಲ್ಲ. ಊಟಕ್ಕೆ ಮುಂಚೆ ಗದ್ದಕ್ಕೂ ಕೆನ್ನೆಗೂ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿದರೆ ರಸ ಚರ್ಮಕ್ಕೆ ನೇರವಾಗಿ ತಾಗುವುದಿಲ್ಲ. ಊಟದ ನಡುವೆ ಉಜ್ಜಿ ಒರೆಸಬೇಡಿ, ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಒತ್ತಿ ತೆಗೆಯಿರಿ. ಇಷ್ಟು ಮಾಡಿದಾಗ ಕೆಂಪು ಬಾರದೇ ಹೋದರೆ ಅಥವಾ ತೀರ ಕಡಿಮೆಯಾದರೆ ಕಾರಣ ಚರ್ಮದ ಮೇಲಿನ ಹುಳಿಯೇ ಇರಬೇಕೆಂಬ ಊಹೆಗೆ ಬಲ ಬರುತ್ತದೆ. ಪ್ರತಿ ಸಲವೂ ಹೆಚ್ಚಾಗುತ್ತಾ ಹೋದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಆಗ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ನೀವು ಆಸ್ಪತ್ರೆ ತಲುಪುವಷ್ಟರಲ್ಲಿ ಕೆಂಪು ಇಳಿದಿರುತ್ತದೆ. ಇನ್ನೊಂದು ಮಾತು. ಪದೇಪದೇ ಹಾಲು ಕಕ್ಕುವ, ಕಕ್ಕುವಾಗ ನೋವಿನಿಂದ ಅಳುವ ಮಗುವಿಗೆ ಹುಳಿ ಪದಾರ್ಥ ಉರಿಯನ್ನು ಹೆಚ್ಚಿಸಬಹುದು. ಅಂಥ ಮಕ್ಕಳಿಗೆ ನಿಧಾನವಾಗಿ, ಬಹಳ ಸ್ವಲ್ಪವೇ ಕೊಡುವುದು ಲೇಸು.

ಮಲದಲ್ಲಿ ಕಂಡ ಎಳೆಗಳು ಟೊಮೆಟೊ ಸಿಪ್ಪೆಯ ಚೂರುಗಳೇ ಇರಬೇಕು. ಸಿಪ್ಪೆ ಜೀರ್ಣವಾಗದೆ ಹಾಗೆಯೇ ಹೊರಬರುತ್ತದೆ, ನೀವು ತೆಗೆದಾಗ ಒಂದೆರಡು ಚೂರು ಉಳಿದಿರಬಹುದು. ಟೊಮೆಟೊ ತಿನ್ನದ ದಿನಗಳಲ್ಲೂ ಕೆಂಪು ಕಂಡರೆ, ಲೋಳೆಯೊಂದಿಗೆ ಬೆರೆತಿದ್ದರೆ ಅಥವಾ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಮಾತ್ರ ಕೂಡಲೇ ತೋರಿಸಿ.

ಉತ್ತರ 2: ಆಹಾರತಜ್ಞೆ

ಮೇಲಿನವರು ಚರ್ಮದ ವಿಷಯವನ್ನು ವಿವರವಾಗಿ ಹೇಳಿದ್ದಾರೆ. ನಾನು ಅಡುಗೆಯ ಕಡೆಯಿಂದ ಹೇಳುತ್ತೇನೆ. ನೀವು ತಿಳಿದೋ ತಿಳಿಯದೆಯೋ ಟೊಮೆಟೊವನ್ನು ಬೇಳೆಗೆ ಬೆರೆಸಿ ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಹುಟ್ಟುವಾಗ ಮಗು ತನ್ನೊಡನೆ ತಂದ ಕಬ್ಬಿಣಾಂಶದ ಸಂಗ್ರಹ ಸುಮಾರು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಇರುವುದೇ ಕಡಿಮೆ. ಅಮೆರಿಕದ ಶಿಫಾರಸಿನಂತೆ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಬೆಳೆದ ಗಂಡಸಿಗೆ ಬೇಕಾಗುವುದು 8 ಮಿಲಿಗ್ರಾಂ ಮಾತ್ರ! ಬೇಳೆಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. 100 ಗ್ರಾಂ ಹಸಿ ಟೊಮೆಟೊದಲ್ಲಿ ಸುಮಾರು 14 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ಆದ್ದರಿಂದ ಟೊಮೆಟೊವನ್ನು ಪ್ರತ್ಯೇಕ ತಿನಿಸಾಗಿ ನೋಡುವುದಕ್ಕಿಂತ ಬೇಳೆ, ಸೊಪ್ಪು, ಕಾಳುಗಳ ಜೊತೆಗಾರನಾಗಿ ನೋಡುವುದು ಸರಿ. ಬೇರೆ ಆಹಾರದೊಂದಿಗೆ ಬೆರೆತಾಗ ಹುಳಿಯ ತೀಕ್ಷ್ಣತೆಯೂ ಮೊಂಡಾಗುತ್ತದೆ.

ಹಸಿಯೋ ಬೆಂದದ್ದೋ ಎಂದರೆ, ಮೊದಲ ಕೆಲವು ವಾರ ಬೆಂದದ್ದನ್ನೇ ಆರಿಸಿಕೊಳ್ಳಿ. ಬೇಯಿಸಿದಾಗ ಸಿ ಜೀವಸತ್ವ ಸ್ವಲ್ಪ ನಷ್ಟವಾಗುವುದು ನಿಜ. ಆದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಬೆಂದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತದೆ, ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಒಂದೆರಡು ಹನಿ ಎಣ್ಣೆಯೋ ಬೆಣ್ಣೆಯೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬೇಯಿಸಿದರೆ ಸಿಪ್ಪೆಯೂ ಬೇಗ ಬಿಡುತ್ತದೆ, ಮೇಲ್ಮೈಯಲ್ಲಿರಬಹುದಾದ ರೋಗಾಣುಗಳೂ ಸಾಯುತ್ತವೆ. ಸಿಪ್ಪೆ ತೆಗೆಯುವ ಸುಲಭದ ದಾರಿ ಇದು: ಹರಿಯುವ ನೀರಿನಲ್ಲಿ ತೊಳೆದ ಹಣ್ಣಿನ ತಳದಲ್ಲಿ ಚಾಕುವಿನಿಂದ ಕೂಡಿಸು ಚಿಹ್ನೆಯಂತೆ ಮೇಲುಮೇಲೆ ಸೀಳಿ, ಕುದಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ ಹಾಕಿದರೆ ಸೀಳಿದ ಕಡೆಯಿಂದ ಸಿಪ್ಪೆ ತಾನಾಗಿಯೇ ಸುರುಳಿಕೊಳ್ಳುತ್ತದೆ. ಆಮೇಲೆ ತಿರುಳನ್ನು ಮೆತ್ತಗೆ ಬೇಯಿಸಿ ಕಿವುಚಿ. ತೀರ ನುಣ್ಣಗೆ ಬೇಕಾದರೆ ಜರಡಿಯಲ್ಲಿ ಸೋಸಬಹುದು. ಬೀಜಗಳನ್ನು ತೆಗೆಯಲೇಬೇಕೆಂದಿಲ್ಲ. ಕಲ್ಲಿನ ಭಯಕ್ಕೆ ಬಂದರೆ, ಮೂತ್ರಪಿಂಡದಲ್ಲಿ ಸಾಮಾನ್ಯವಾಗಿ ಕಾಣುವ ಕಲ್ಲುಗಳು ಆಕ್ಸಲೇಟ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದವು. ಟೊಮೆಟೊದಲ್ಲಿ ಅದರ ಪ್ರಮಾಣ ಕಡಿಮೆ, ನುಂಗಿದ ಬೀಜವೇ ಹೋಗಿ ಕಲ್ಲಾಗುವುದಂತೂ ಸಾಧ್ಯವಿಲ್ಲ.

ಪೂರ್ತಿ ಕೆಂಪಾದ ಹಣ್ಣನ್ನೇ ಬಳಸಿ. ಹಸಿರು ಕಾಯಿಯಲ್ಲಿ ಟೊಮೆಟಿನ್ ಎಂಬ ಕಹಿ ವಸ್ತು ಹೆಚ್ಚಾಗಿರುತ್ತದೆ, ಹಣ್ಣಾಗುತ್ತಾ ಅದು ತೀರ ಕಡಿಮೆಯಾಗುತ್ತದೆ. ಎಲೆ ಮತ್ತು ಕಾಂಡ ತಿನ್ನುವಂಥವಲ್ಲ. ಮನೆಯಲ್ಲಿ ಕುಂಡದಲ್ಲಿ ಟೊಮೆಟೊ ಗಿಡವಿದ್ದರೆ ಅಂಬೆಗಾಲಿಡುವ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಟೊಮೆಟೊ ಬೇಯಿಸಬೇಡಿ, ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಹುಳಿ ಲೋಹವನ್ನು ಕರಗಿಸಿ ಆಹಾರಕ್ಕೆ ಸೇರಿಸುತ್ತದೆ. ಸ್ಟೀಲ್ ಪಾತ್ರೆ ಸಾಕು.

ಬಾಟಲಿಯ ಸಾಸ್ ಮತ್ತು ಕೆಚಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಮೂರು ವರ್ಷದ ಮಗನೂ ಇರುವುದರಿಂದ ಹೇಳಿಬಿಡುತ್ತೇನೆ. ಸಾಮಾನ್ಯ ಕೆಚಪ್‌ನಲ್ಲಿ ತೂಕದ ಸುಮಾರು ಐದನೆಯ ಒಂದು ಭಾಗ ಸಕ್ಕರೆಯೇ ಇರುತ್ತದೆ, ಉಪ್ಪೂ ಧಾರಾಳ. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ, ಅಷ್ಟು ಹಾಲಿನಿಂದಲೂ ಸಹಜ ಆಹಾರದಿಂದಲೂ ದೊರೆಯುತ್ತದೆ. ಆದ್ದರಿಂದ ಕೆಚಪ್ ಟೊಮೆಟೊಗೆ ಬದಲಿಯಲ್ಲ. ಡಬ್ಬಿಯ ಟೊಮೆಟೊ ಬಳಸಲೇಬೇಕಾದರೆ ಉಪ್ಪು ಸೇರಿಸಿಲ್ಲವೆಂಬುದನ್ನು ಚೀಟಿಯಲ್ಲಿ ಓದಿ ಕೊಳ್ಳಿ. ಹುಳಿ ಮುರಿಯಲು ಸಕ್ಕರೆಯನ್ನೂ ಜೇನನ್ನೂ ಹಾಕಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ, ಅದರಲ್ಲಿರಬಹುದಾದ ಬೀಜಾಣುಗಳಿಂದ ಬಾಟ್ಯುಲಿಸಂ ಎಂಬ ತೀವ್ರ ಕಾಯಿಲೆ ಬರಬಹುದು. ಸಿಹಿ ಬೇಕಾದರೆ ಬೇಯಿಸಿದ ಕ್ಯಾರೆಟ್ ಅಥವಾ ಕುಂಬಳಕಾಯಿಯನ್ನು ಬೆರೆಸಿ. ಮುಖ ಕಿವಿಚುವುದನ್ನು ಬೇಡವೆಂಬ ಉತ್ತರವಾಗಿ ತೆಗೆದುಕೊಳ್ಳಬೇಡಿ. ಒಂದು ರುಚಿ ಒಗ್ಗಲು ಕೆಲವು ಮಕ್ಕಳಿಗೆ ಎಂಟು ಹತ್ತು ಸಲ ಬೇಕಾಗುತ್ತದೆ.

ಉತ್ತರ 3: ನಾಲ್ಕು ವರ್ಷದ ಮಗಳ ತಂದೆ

ನೀವು ಪ್ರಶ್ನೆಯ ಕೊನೆಯಲ್ಲಿ ಎರಡು ಸಾಲಿನಲ್ಲಿ ಬರೆದ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಮೂರು ವರ್ಷದ ಮಗು ಇಡೀ ಚೆರ್ರಿ ಟೊಮೆಟೊಗಳನ್ನು ಓಡಾಡುತ್ತ ತಿನ್ನುತ್ತಿದ್ದಾನೆ ಎಂದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ.

ನನ್ನ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ನಾನೇ ತೊಳೆದು ಕೈಗೆ ಕೊಟ್ಟ ಚೆರ್ರಿ ಟೊಮೆಟೊವನ್ನು ಬಾಯಿಗೆ ಹಾಕಿಕೊಂಡು ಏನನ್ನೋ ನೋಡಿ ನಕ್ಕಳು. ಮರುಕ್ಷಣ ನಗು ನಿಂತಿತು. ಕೆಮ್ಮಲಿಲ್ಲ, ಅಳಲಿಲ್ಲ, ಬಾಯಿ ತೆರೆದಿತ್ತು, ಸದ್ದೇ ಇರಲಿಲ್ಲ. ನಾನು ಎದುರಿಗೇ ಕುಳಿತಿದ್ದೆ, ಆದ್ದರಿಂದ ಕಂಡಿತು. ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದರೆ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಮುಂದಕ್ಕೆ ಬಾಗಿಸಿ ಬೆನ್ನಿಗೆ ಬಲವಾಗಿ ಹೊಡೆದಾಗ ಮೂರನೆಯ ಏಟಿಗೆ ಹಣ್ಣು ಹೊರಬಿತ್ತು. ಒಂದು ಹಲ್ಲಿನ ಗುರುತೂ ಅದರ ಮೇಲಿರಲಿಲ್ಲ. ಆ ಹಣ್ಣನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ.

ಆಮೇಲೆ ವೈದ್ಯರು ಕಾರಣವನ್ನು ವಿವರಿಸಿದರು. ದುಂಡಗಿನ, ಜಾರುವ, ಒತ್ತಿದರೆ ಕೊಂಚ ಬಗ್ಗುವ ವಸ್ತು ಚಿಕ್ಕ ಮಗುವಿನ ಶ್ವಾಸಮಾರ್ಗಕ್ಕೆ ಬಿರಡೆಯಂತೆ ಕೂರುತ್ತದೆ, ಪಕ್ಕದಲ್ಲಿ ಗಾಳಿಗೆ ಸಂದೇ ಉಳಿಯುವುದಿಲ್ಲ. ಸಿಪ್ಪೆ ಬಿಗಿಯಾಗಿರುವುದರಿಂದ ಮುಂದಿನ ಹಲ್ಲುಗಳಿಗೆ ಸಿಗದೆ ಹಿಂದಕ್ಕೆ ಜಾರುತ್ತದೆ. ದವಡೆ ಹಲ್ಲು ಬಂದಿದ್ದರೂ ಅರೆದು ತಿನ್ನುವ ಹದ ಮಕ್ಕಳಿಗೆ ನಾಲ್ಕು ವರ್ಷದ ಸುಮಾರಿಗಷ್ಟೇ ಕೈಗೂಡುತ್ತದೆ. ಇಡೀ ದ್ರಾಕ್ಷಿಗೂ ಇದೇ ಮಾತು ಅನ್ವಯಿಸುತ್ತದೆ. ಇಷ್ಟು ದಿನ ಏನೂ ಆಗಿಲ್ಲ ಎಂಬುದು ಧೈರ್ಯಕ್ಕೆ ಕಾರಣವಾಗಬಾರದು. ನಮ್ಮ ಮನೆಯಲ್ಲೂ ಆ ದಿನದವರೆಗೆ ಏನೂ ಆಗಿರಲಿಲ್ಲ.

ಈಗ ನಾವು ಮಾಡುವುದು ಇಷ್ಟು. ಪ್ರತಿ ಚೆರ್ರಿ ಟೊಮೆಟೊವನ್ನು ತೊಟ್ಟಿನಿಂದ ತಳದವರೆಗೆ ಉದ್ದುದ್ದಕ್ಕೆ ನಾಲ್ಕು ಸೀಳು ಮಾಡುತ್ತೇವೆ. ಅಡ್ಡಕ್ಕೆ ಎರಡು ಹೋಳು ಮಾಡಿದರೆ ಸಾಲದು, ಏಕೆಂದರೆ ಹೋಳಿನ ಬಾಯಿ ಮತ್ತೆ ಅದೇ ದುಂಡು ಅಳತೆಯದ್ದಾಗಿ ಉಳಿಯುತ್ತದೆ. ಕುಳಿತೇ ತಿನ್ನಬೇಕು, ಓಡಾಡುತ್ತ ಅಲ್ಲ, ವಾಹನದಲ್ಲಿ ಹೋಗುವಾಗಲೂ ಅಲ್ಲ. ಐದು ವರ್ಷ ತುಂಬುವವರೆಗೂ ಹೀಗೆಯೇ ಕತ್ತರಿಸಿ ಕೊಡಬೇಕೆಂದು ನಿರ್ಧರಿಸಿದ್ದೇವೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಧನ್ಯವಾದಗಳು. ಓದಿದ ಕೂಡಲೇ ಎದ್ದುಹೋಗಿ ಮಗನ ಬಟ್ಟಲನ್ನು ತೆಗೆದಿಟ್ಟೆ. ಹುಳಿಯ ಬಗ್ಗೆ ಮೂರು ದಿನ ನಿದ್ದೆಗೆಟ್ಟ ನಾನು ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಸಂದೇಹ ಉಳಿದಿದೆ. ಮಗಳು ಕೆಲವೊಮ್ಮೆ ತುತ್ತು ದಪ್ಪಗಾದರೆ ಓಕರಿಸುತ್ತಾಳೆ, ಮುಖ ಕೆಂಪಾಗುತ್ತದೆ. ಅದು ಉಸಿರು ಕಟ್ಟುವುದೇ? ಅವಳಿಗೆ ಟೊಮೆಟೊವನ್ನು ಕೈಯಲ್ಲಿ ಹಿಡಿದು ತಿನ್ನಲು ಯಾವಾಗ ಕೊಡಬಹುದು?

ಉತ್ತರ 4: ಮಕ್ಕಳ ವಾರ್ಡಿನ ಶುಶ್ರೂಷಕಿ

ಓಕರಿಕೆ ಬೇರೆ, ಉಸಿರು ಕಟ್ಟುವುದು ಬೇರೆ. ಓಕರಿಸುವಾಗ ಸದ್ದಿರುತ್ತದೆ, ಕೆಮ್ಮಿರುತ್ತದೆ, ಮುಖ ಕೆಂಪಾಗುತ್ತದೆ, ಮಗು ತಾನೇ ತುತ್ತನ್ನು ಮುಂದಕ್ಕೆ ತಳ್ಳುತ್ತದೆ. ಆಗ ಬಾಯಿಗೆ ಬೆರಳು ಹಾಕದೆ ಪಕ್ಕದಲ್ಲಿದ್ದು ನೋಡಿಕೊಂಡರೆ ಸಾಕು. ಉಸಿರು ಕಟ್ಟಿದಾಗ ಮೇಲಿನವರು ಬರೆದಂತೆ ಸದ್ದೇ ಇರುವುದಿಲ್ಲ, ತುಟಿಗಳು ನೀಲಿಗಟ್ಟುತ್ತಾ ಬರುತ್ತವೆ. ಒಂದು ವರ್ಷದೊಳಗಿನ ಮಗುವಾದರೆ ತಲೆ ಎದೆಗಿಂತ ಕೆಳಗಿರುವಂತೆ ನಿಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಎರಡು ಹೆಗಲುಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಏಟು ಕೊಡಿ. ಬರದಿದ್ದರೆ ಮಗುಚಿ, ಎದೆಮೂಳೆಯ ಕೆಳಭಾಗವನ್ನು 5 ಸಲ ಒತ್ತಿ, ಹೊರಬರುವವರೆಗೆ ಎರಡನ್ನೂ ಸರದಿಯಂತೆ ಮುಂದುವರಿಸಿ. ಒಂದು ವರ್ಷ ದಾಟಿದ ಮಗುವಿಗೆ ಬೆನ್ನಿಗೆ 5 ಏಟುಗಳ ನಂತರ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ತುರ್ತು ಸೇವೆಗೆ ಕರೆ ಮಾಡಲಿ. ಕಾಣದ ವಸ್ತುವನ್ನು ಬೆರಳಿನಿಂದ ಹುಡುಕಿ ತೆಗೆಯಲು ಹೋದರೆ ಅದು ಇನ್ನೂ ಒಳಗೆ ಹೋಗಬಹುದು. ಇದನ್ನು ಓದಿ ಕಲಿಯುವುದಕ್ಕಿಂತ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಗೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯುವುದು ಬಹಳ ಮೇಲು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಎಲ್ಲರೂ ಕಲಿತಿರಲಿ.

ಕೈಯಲ್ಲಿ ಕೊಡುವುದಾದರೆ, ಆಸರೆಯಿಂದ ನೆಟ್ಟಗೆ ಕೂರುವ ಮಗುವಿಗೆ ದೊಡ್ಡ, ಚೆನ್ನಾಗಿ ಕಳಿತ ಟೊಮೆಟೊವನ್ನು ಸಿಪ್ಪೆ ಸುಲಿದು, ಮುಷ್ಟಿಯಲ್ಲಿ ಹಿಡಿಯುವಷ್ಟು ಅಗಲದ ಹೋಳಾಗಿ ಕೊಡಬಹುದು. ಹೋಳು ನಿಮ್ಮ ಎರಡು ಬೆರಳುಗಳ ನಡುವೆ ಸುಲಭವಾಗಿ ಹಿಸುಕಿಹೋಗುವಷ್ಟು ಮೆತ್ತಗಿರಬೇಕು. ಸುಮಾರು ಒಂಬತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳಿನಲ್ಲಿ ಹೆಕ್ಕಲು ಕಲಿತ ಮೇಲೆ ಚಿಕ್ಕ ಮೆತ್ತನೆಯ ತುಂಡುಗಳಿಗೆ ಬನ್ನಿ. ಸಿಪ್ಪೆ ಅಂಗುಳಕ್ಕೆ ಅಂಟಿಕೊಳ್ಳುವುದರಿಂದ ಸದ್ಯಕ್ಕೆ ಬೇಡ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ತಿಳಿಸಬೇಕೆನಿಸಿ ಬರೆಯುತ್ತಿದ್ದೇನೆ. ಗದ್ದಕ್ಕೆ ಜೆಲ್ಲಿ ಸವರಿ, ಬೆಳಿಗ್ಗೆ ಅರ್ಧ ಚಮಚದಿಂದ ಆರಂಭಿಸಿ ಈವರೆಗೆ ನಾಲ್ಕು ಸಲ ಕೊಟ್ಟೆ. ಮೊದಲ ಸಲ ಕೆಳತುಟಿಯ ಅಂಚಿನಲ್ಲಿ ತುಸು ಕೆಂಪಾಗಿ ಇಪ್ಪತ್ತು ನಿಮಿಷದಲ್ಲಿ ಹೋಯಿತು, ಆಮೇಲೆ ಏನೂ ಕಾಣಲಿಲ್ಲ. ಲಸಿಕೆಗೆ ಹೋದಾಗ ವೈದ್ಯರಿಗೆ ಮೊದಲ ದಿನದ ವಿವರವನ್ನು ಹೇಳಿದೆ. ಅವರೂ ಪರೀಕ್ಷಿಸಿ ಮುಂದುವರಿಸಲು ಹೇಳಿದರು. ಮಗನಿಗೆ ಟೊಮೆಟೊ ಕತ್ತರಿಸುವುದು ಮೊದಲು ಇಷ್ಟವಾಗಲಿಲ್ಲ, ಇಡೀ ಹಣ್ಣೇ ಬೇಕೆಂದು ಎರಡು ದಿನ ಅತ್ತ. ಈಗ ಊಟಕ್ಕೆ ಕುಳಿತ ಮೇಲೆ ನಾನು ಅವನ ಎದುರಿಗೇ ಉದ್ದುದ್ದಕ್ಕೆ ಸೀಳುತ್ತೇನೆ, ಅವನು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾನೆ. ಮುಂದಿನ ಭಾನುವಾರ ನಾನು, ನನ್ನ ಪತಿ ಮತ್ತು ಅತ್ತೆಯವರು ಪ್ರಥಮ ಚಿಕಿತ್ಸೆಯ ತರಬೇತಿಗೆ ಹೆಸರು ಕೊಟ್ಟಿದ್ದೇವೆ.